ಶಿವರಾಜರ ಭುಜವೂ ನನ್ನ ಮ್ಯಾಗ್ನೆಟೋವೂ

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ನಾಟಿ ವೈದ್ಯನೂ ಅಲ್ಲ. ಕರೆಂಟ್ ಸ್ವಾಮಿಯಂತೂ ಅಲ್ಲವೇ ಅಲ್ಲ. ಯಡಿಯೂರು ಕೆರೆ ಸುತ್ತ ಬೆಳಗ್ಗೆ ವಾಕಿಂಗ್ ಮಾಡುವ ಜನ ನನ್ನ ವಿಷಯದಲ್ಲಿ ಏನೇನು ಮಾತಾಡಿಕೊಳ್ಳುತ್ತಾರೋ ಅದೆಲ್ಲ ಶುದ್ಧ ಸುಳ್ಳು. ನಾನು ಮಾಡಿದ್ದು ಒಂದು ಮ್ಯಾಗ್ನೆಟೋ. ಗಾಡಿಗೆ. ಗಾಡಿ ಸ್ಟಾರ್ಟ್ ಆಗಲಿ ಅಂತ. ಇಷ್ಟು ಸಣ್ಣ ವಿಷಯ ಇಡೀ ಬೀದಿಯ ತಲೆಗೆ ಹತ್ತಲಿಲ್ಲ ಅಂದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ನನ್ನ ಹೆಸರು ಚಕ್ರಪಾಣಿ. ಸರ್ಕಾರದ ಒಂದು ಇಲಾಖೆಯಲ್ಲಿ ಫೈಲುಗಳನ್ನು ಈ ಮೇಜಿನಿಂದ ಆ ಮೇಜಿಗೆ ಕಳಿಸಿ ರಿಟೈರ್ ಆದವನು. ಇಡೀ ಸರ್ವೀಸಿನಲ್ಲಿ ನನ್ನ ಕೈಯಿಂದ ತಯಾರಾದ ವಸ್ತು ಅಂದರೆ ಸಹಿ ಒಂದೇ. ಅದೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದು ಕೊನೆಗೆ ಒಂದು ಗೀಟು ಉಳಿದಿತ್ತು.

ನಮ್ಮ ಗೇಟಿನ ಪಕ್ಕ ಒಂದು ಮೊಪೆಡ್ ನಿಂತಿದೆ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಯಾವ ಕಾಲವಾಯಿತೋ. ಹೋದ ವರ್ಷ ಆಯುಧಪೂಜೆ ದಿನ ಎಲ್ಲರ ಹಾಗೆ ನಾವೂ ಅದಕ್ಕೆ ಹೂವು ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಗಾಡಿ ತಾನಾಗಿ ಅದನ್ನು ತುಳಿದು ಮುಂದೆ ಹೋಗಬೇಕು ತಾನೇ? ನಮ್ಮದು ಕೆಮ್ಮಲೂ ಇಲ್ಲ. ನಾನು ಹ್ಯಾಂಡಲ್ ಹಿಡಿದೆ. ನನ್ನ ಹೆಂಡತಿ ಕಾತ್ಯಾಯಿನಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದಳು. ನಿಂಬೆಹಣ್ಣು ಒಡೆಯುವ ಬದಲು ಜಾರಿಕೊಂಡು ಮೋರಿಗೆ ಬಿತ್ತು. ಎದುರಿಗೆ ತನ್ನ ಹೊಸ ಬ್ಯಾಟರಿ ಕಾರಿಗೆ ಒರಗಿಕೊಂಡು ಅವಳ ತಮ್ಮ ವಿಷ್ಣು ನಿಂತಿದ್ದ, ಜೊತೆಗೆ ಹೆಂಡತಿ ರೇಖಾ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಭಾವ, ನಿಮ್ಮ ಗಾಡಿಗೆ ನಮ್ಮಕ್ಕನೇ ಎಂಜಿನ್ ಬಿಡಿ," ಅಂದ ವಿಷ್ಣು.

ಅವರಿಬ್ಬರೂ ಜೆ.ಪಿ. ನಗರದ ತಮ್ಮ ಮನೆಗೆ ವಾಪಸ್ ಹೋದ ಮೇಲೆ ಕಾತ್ಯಾಯಿನಿ ಹೇಳಿದಳು. "ನೋಡಿ, ಇನ್ನೊಂದ್ಸಲ ನಾನು ತಳ್ಳಲ್ಲ. ಮುಂದಿನ ಆಯುಧಪೂಜೆಗೆ ಇದು ತಾನಾಗಿ ನಿಂಬೆಹಣ್ಣು ತುಳೀಬೇಕು. ತುಳೀಲಿಲ್ವಾ, ಮಾರನೇ ದಿನ ಗುಜರಿಗೆ. ವಿಷ್ಣುಗೆ ಹೇಳಿದ್ದೀನಿ, ಗುಜರಿಯವನನ್ನ ಅವನೇ ಕರ್ಕೊಂಡು ಬರ್ತಾನೆ."

ಮೆಕ್ಯಾನಿಕ್ ದೇವರಾಜ್ ಹತ್ತಿರ ತಳ್ಳಿಕೊಂಡು ಹೋದೆ. ಆತ ಬಿಚ್ಚಿ ನೋಡಿ ಕೈ ಒರೆಸಿಕೊಂಡ. "ಮ್ಯಾಗ್ನೆಟೋ ಹೋಗಿದೆ ಸಾರ್. ಸ್ಪೇರ್ ಎಲ್ಲೂ ಸಿಗಲ್ಲ. ಒಂದ್ ಕೆಲ್ಸ ಮಾಡಿ, ಸೀಟ್ ತೆಗ್ದು ಒಂದು ದಾಸವಾಳ ನೆಡಿ, ಸಖತ್ತಾಗಿರುತ್ತೆ."

"ಸಿಗದಿದ್ದರೆ ಬಿಡಯ್ಯ, ನಾನೇ ಮಾಡ್ತೀನಿ," ಅಂದೆ.

ಬಾಯಿ ತಪ್ಪಿ ಬಂದ ಮಾತು, ನಿಜ. ಆದರೆ ಅಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಳಿಸಿ ನನ್ನ ಮುಖ ನೋಡಿದರು. ಅಷ್ಟು ಜನ ನೋಡಿದ ಮೇಲೆ ಗಂಡಸಾದವನು ಮಾತು ವಾಪಸ್ ತೆಗೆದುಕೊಳ್ಳುವುದು ಹೇಗೆ?

ಮ್ಯಾಗ್ನೆಟೋ ಅಂದರೆ ಬ್ಯಾಟರಿಯ ಹಂಗಿಲ್ಲದೆ ಎಂಜಿನ್ನಿಗೆ ಕಿಡಿ ಕೊಡುವ ಸಾಧನ. ಎಂಜಿನ್ ಜೊತೆ ಒಂದು ಚಕ್ರ ತಿರುಗುತ್ತೆ, ಅದರೊಳಗೆ ಆಯಸ್ಕಾಂತ. ಮಧ್ಯದಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್. ಅಲ್ಲಿ ಹುಟ್ಟಿದ ಕರೆಂಟನ್ನು ಪಾಯಿಂಟ್ ಅನ್ನುವ ಎರಡು ಪುಟ್ಟ ಲೋಹದ ಬಿಲ್ಲೆಗಳು ಸರಿಯಾದ ಗಳಿಗೆಯಲ್ಲಿ ಬಿಟ್ಟುಕೊಂಡು ಕತ್ತರಿಸಿದರೆ ಎಂಜಿನ್ನಿನ ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಅಷ್ಟೇ. ಚಾರ್ಜರ್ ಬೇಡ, ಗೋಡೆಯ ಸಾಕೆಟ್ ಬೇಡ, ವಿಷ್ಣು ಬೇಡ. ಅದರ ಈ ಸ್ವಾಭಿಮಾನ ನನಗೆ ತುಂಬಾ ಹಿಡಿಸಿತು.

ಕಾಯಿಲ್ ಸುತ್ತಲು ಕೂತೆ. ತಂತಿ ಕೂದಲಿಗಿಂತ ಸಣ್ಣ. ಸಾವಿರಾರು ಸುತ್ತು ಬರಬೇಕು. ಫ್ಯಾನ್ ಹಾಕಿದರೆ ತಂತಿ ಕಿತ್ತುಹೋಗುತ್ತೆ, ಆದ್ದರಿಂದ ಮನೆಯಲ್ಲಿ ಫ್ಯಾನ್ ನಿಷೇಧ. ಸೀನುವುದೂ ನಿಷೇಧ. ನಾನು ಮೂರು ಸಾವಿರದ ಎಂಟುನೂರು ದಾಟಿ ಎಣಿಸುತ್ತಿರುವಾಗ ಕಾತ್ಯಾಯಿನಿ ಅಡುಗೆಮನೆಯಿಂದ "ರೀ, ದೋಸೆ ಎಷ್ಟು ಹಾಕ್ಲಿ?" ಅಂದಳು. "ಮೂರು" ಅಂದೆ. ಆಮೇಲೆ ನಾಲ್ಕು, ಐದು, ಆರು ಅಂತ ಮುಂದುವರಿಸಿದೆ. ಆ ಕಾಯಿಲಿನಲ್ಲಿ ಕಿಡಿ ಬರಲಿಲ್ಲ ಅಂದರೆ ಅದು ಡಿಸೈನಿನ ತಪ್ಪಲ್ಲ, ದೋಸೆಯ ತಪ್ಪು. ಮುಂದಿನದ್ದಕ್ಕೆ ಪದರದ ನಡುವೆ ಹಾಕಿದ ಕಾಗದ ಚಕ್ಕುಲಿ ಪೊಟ್ಟಣದ್ದು, ಎಣ್ಣೆ ಹೀರಿ ಹಾಳಾಯಿತು. ಆ ಮೇಲಿನದ್ದು ಚೆನ್ನಾಗಿ ಬಂತು.

ಈಗ ಅದನ್ನು ಹಳೇ ಆಯಸ್ಕಾಂತದ ಚಕ್ರದೊಳಗೆ ಕೂರಿಸಿ ತಿರುಗಿಸಿ ನೋಡಬೇಕಲ್ಲ. ಕಾತ್ಯಾಯಿನಿಯ ಹೊಲಿಗೆ ಮಷೀನು ಕಾಲಲ್ಲಿ ತುಳಿಯುವಂಥದ್ದು. ಅದರ ಮೇಲಿನ ತಲೆ ಬಿಚ್ಚಿಟ್ಟು ಮ್ಯಾಗ್ನೆಟೋ ಕೂರಿಸಿ ಬೆಲ್ಟ್ ಹಾಕಿದೆ. ಮಷೀನಿನಲ್ಲಿ ಅರ್ಧ ಹೊಲಿದು ಬಿಟ್ಟ ರವಿಕೆ ಒಂದಿತ್ತು, ಅದನ್ನು ಮಡಿಸಿ ಪಕ್ಕಕ್ಕಿಟ್ಟೆ. ಆ ಬಗ್ಗೆ ಕಾತ್ಯಾಯಿನಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಶಿವರಾಜ್ ಪೇಪರ್ ಕೇಳಿಕೊಂಡು ಬಂದರು. ಅವರ ಬಲಭುಜ ಹಿಡಿದುಕೊಂಡು ಆರು ತಿಂಗಳು. ಕೈ ಸೊಂಟದ ಮೇಲಕ್ಕೆ ಏಳುತ್ತಿರಲಿಲ್ಲ. ಅವರ ಹೆಂಡತಿ ಸುಧಾಮಣಿಯೇ ತಲೆ ಬಾಚಿ, ಶರ್ಟ್ ತೊಡಿಸಿ ಕಳಿಸುತ್ತಿದ್ದರು. ಅವರಿಗೆ ನಾನು ಕೆಟ್ಟದ್ದು ಬಯಸಿದವನಲ್ಲ. ಪ್ಲಗ್ಗಿಗೆ ಹೋಗುವ ತಂತಿ ಹಿಡಿಯಲು ಒಂದು ಕೈ ಕಮ್ಮಿಯಾಗಿತ್ತು, ಅಷ್ಟೇ.

"ಶಿವರಾಜ್, ಇದನ್ನ ಒಂದು ನಿಮಿಷ ಹಿಡ್ಕೊಳ್ಳಿ," ಅಂದೆ. ಅವರು ಬಲಗೈಯಲ್ಲಿ ಹಿಡಿದರು. ಎಡಗೈಯನ್ನು ಮಷೀನಿನ ಕಬ್ಬಿಣದ ಮೇಲೆ ಯಾರು ಇಡಲು ಹೇಳಿದರೋ ಗೊತ್ತಿಲ್ಲ. ನಾನು ತುಳಿದೆ.

ಶಿವರಾಜ್ ಒಂದು ಶಬ್ದ ಮಾಡಿದರು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಬಲಗೈ ಸರ್ರನೆ ಮೇಲೆ ಹೋಗಿ ಗೋಡೆಯ ಕ್ಯಾಲೆಂಡರ್ ಬೀಳಿಸಿ, ಅಲ್ಲೇ ನಿಂತಿತು. ಅವರು ತಲೆಯೆತ್ತಿ ತಮ್ಮ ಕೈಯನ್ನು ಯಾರದೋ ಎಂಬಂತೆ ನೋಡಿದರು. ಇಳಿಸಿದರು. ಮತ್ತೆ ಎತ್ತಿದರು. ಈ ಸಲವೂ ಎದ್ದಿತು.

"ಸ್ಪಾರ್ಕ್ ಬರ್ತಾ ಇದೆ ಅಂತಾಯ್ತು," ಅಂದೆ ನಾನು ಸಂತೋಷದಿಂದ.

ಶಿವರಾಜ್ ಪೇಪರನ್ನೂ ಬಿಟ್ಟು, ಕೈ ಮೇಲೆತ್ತಿಕೊಂಡೇ ಮನೆಗೆ ಓಡಿದರು. ಕೈ ಎತ್ತಿಕೊಂಡು ಓಡುವ ಮನುಷ್ಯನನ್ನು ಬೀದಿ ಸುಮ್ಮನೆ ಬಿಡುತ್ತದೆಯೇ? ಮನೆ ತಲುಪುವಷ್ಟರಲ್ಲಿ ನಾಲ್ಕು ಕಡೆ ನಿಂತು ಕತೆ ಹೇಳಿದ್ದರು. ಉಳಿದದ್ದನ್ನು ಸುಧಾಮಣಿ ಕೆರೆಯ ವಾಕಿಂಗಿನಲ್ಲಿ ಹೇಳಿ ಮುಗಿಸಿದರು.

ಮರುದಿನ ಕಾಫಿ ಲೋಟ ಹಿಡಿದು ಬಾಗಿಲು ತೆಗೆದರೆ ಗೇಟಿನ ಹೊರಗೆ ಚಪ್ಪಲಿಗಳ ಸಾಲು. ಒಳಗೆ ಜನದ ಸಾಲು. ಸುಧಾಮಣಿ ನಮ್ಮದೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವಿಂಗಡಣೆ ಮಾಡುತ್ತಿದ್ದರು. "ಭುಜದವರು ಈ ಕಡೆ. ಮಂಡಿಯವರು ಆ ಕಡೆ. ಏನಣ್ಣ ನಿಮ್ದು? ಗ್ಯಾಸ್ಟ್ರಿಕ್ಕಾ? ಅದಕ್ಕೆ ಇನ್ನೂ ಸಾಹೇಬ್ರು ಶುರು ಮಾಡಿಲ್ಲ, ಮುಂದಿನ ವಾರ ಬನ್ನಿ."

"ಏನ್ರೀ ಇದು?" ಅಂದೆ. "ನಾನು ಮಾಡಿರೋದು ಗಾಡಿ ಪಾರ್ಟು. ಕಾಯಿಲೆಗಲ್ಲ. ಎಲ್ಲಾ ಎದ್ದು ಮನೆಗೆ ಹೋಗಿ."

ಸಾಲಿನಲ್ಲಿದ್ದ ಒಬ್ಬ ಹಿರಿಯರು ಪಕ್ಕದವರಿಗೆ, "ದೊಡ್ಡವರು ಹೀಗೇ ಹೇಳೋದು. ನಮ್ಮ ಕೋಣನಕುಂಟೇಲಿ ಒಬ್ರು ಬೆನ್ನು ನೋವು ನೋಡ್ತಿದ್ರು, ಬಂದೋರಿಗೆ ಕಲ್ಲು ಹೊಡೀತಿದ್ರು. ಏನ್ ಕೈಗುಣ ಅಂತೀರಿ," ಅಂದರು.

"ಖಾಲಿ ಹೊಟ್ಟೇಲಿ ತಗೋಬೇಕಾ, ತಿಂಡಿ ಆದ್ಮೇಲಾ ಸಾರ್?" ಎಂದು ಇನ್ನೊಬ್ಬರು ಕೇಳಿದರು.

ನಾನು ಬೈದೆ. ಬೈದಷ್ಟೂ ಜನ ಕೈ ಮುಗಿದರು. 'ಇಲ್ಲಿ ಯಾವುದೇ ಚಿಕಿತ್ಸೆ ಕೊಡುವುದಿಲ್ಲ' ಎಂದು ಬೋರ್ಡ್ ಬರೆದು ಗೇಟಿಗೆ ಕಟ್ಟಿದೆ. ಅದುವರೆಗೆ ಮನೆ ಹುಡುಕಿ ಅಲೆಯುತ್ತಿದ್ದವರಿಗೆ ಗುರುತು ಸಿಕ್ಕಂತಾಯಿತು. ಬಾಯಿ ಬಿಟ್ಟು ಹೇಳಿದ ಸತ್ಯಕ್ಕೂ ಬರೆದು ಹಾಕಿದ ಸತ್ಯಕ್ಕೂ ನಮ್ಮ ಬೀದಿಯಲ್ಲಿ ಒಂದೇ ಗತಿ.

ಒಂದು ದಿನ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ತರಲು ಎಸ್.ಪಿ. ರೋಡಿಗೆ ಹೋಗಿ ಬಂದೆ. ಒಳಗಿನಿಂದ ಮಷೀನಿನ ಸದ್ದು. ನೋಡಿದರೆ ಕಾತ್ಯಾಯಿನಿ ಒಳ್ಳೆ ಸೀರೆಯುಟ್ಟು ಕೂತು ತುಳಿಯುತ್ತಿದ್ದಾಳೆ. ಸುಧಾಮಣಿ ಒಬ್ಬರಾದ ಮೇಲೆ ಒಬ್ಬರಿಗೆ ತಂತಿ ಮುಟ್ಟಿಸುತ್ತಿದ್ದಾರೆ. "ಇನ್ನೊಂಚೂರು ಜೋರಾಗಿ ತುಳೀರಿ ಕಾತ್ಯಾಯಿನಿ, ಇವರದ್ದು ಹಳೇ ನೋವು."

ಎಲ್ಲರನ್ನೂ ಆಚೆಗಟ್ಟಿದೆ. ಯಾರದಾದರೂ ಹೃದಯ ಕೈಕೊಟ್ಟಿದ್ದರೆ ಗತಿಯೇನು ಅಂತ ಕೂಗಾಡಿದೆ. ಕಾತ್ಯಾಯಿನಿ ನಿಧಾನವಾಗಿ ಎದ್ದಳು.

"ಮಷೀನಲ್ಲಿದ್ರೆ ನಾಲ್ಕು ಜನ ನಮಸ್ಕಾರ ಹಾಕ್ತಾರೆ. ಅದೇ ಗಾಡೀಲಿದ್ರೆ ಏನ್ ಬರುತ್ತೆ?" ಅಂದಳು.

"ನೀನು ತಳ್ಳೋದು ತಪ್ಪುತ್ತೆ," ಅಂದೆ.

ಅವಳು ನನ್ನನ್ನೊಮ್ಮೆ ನೋಡಿ, ಅರ್ಧ ರವಿಕೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರವೇ ಆರೋಗ್ಯ ಇಲಾಖೆಯ ಅಧಿಕಾರಿ ಸೋಮನಾಥ್ ಅನ್ನುವವರು ಜೀಪಿನಲ್ಲಿ ಬಂದಿಳಿದರು. ಅನುಮತಿಯಿಲ್ಲದೆ ಕರೆಂಟ್ ಚಿಕಿತ್ಸೆ ನಡೆಸುತ್ತಿದ್ದೇನೆಂದು ದೂರಂತೆ. ನನಗೆ ಹೋದ ಜೀವ ಬಂದ ಹಾಗಾಯಿತು. ಅಂತೂ ಸರ್ಕಾರಕ್ಕಾದರೂ ಬುದ್ಧಿಯಿದೆ.

"ಬನ್ನಿ ಸಾರ್, ಕೂತ್ಕೊಳ್ಳಿ. ಇಲ್ಲಿ ಚಿಕಿತ್ಸೆ ನಡೀತಿಲ್ಲ, ನಡೆಯೋದೂ ಇಲ್ಲ. ನೀವು ದಯವಿಟ್ಟು ಬೀದಿಯವರಿಗೆ ಹೇಳಿ," ಅಂದೆ.

ಸೋಮನಾಥ್ ಮ್ಯಾಗ್ನೆಟೋವನ್ನು ಸುತ್ತಿ ಬಂದು ನೋಡಿದರು. ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಕುತ್ತಿಗೆಗೆ ಆಗುತ್ತಾ?" ಅಂದರು.

"ಯಾರ ಕುತ್ತಿಗೆಗೆ?"

"ತಪಾಸಣೆ ಅಂದ್ಮೇಲೆ ಪೂರ್ತಿ ಮಾಡ್ಬೇಕಲ್ಲ," ಎನ್ನುತ್ತಾ ಕಾಲರ್ ಗುಂಡಿ ಬಿಚ್ಚತೊಡಗಿದರು.

ಆಗುವುದಿಲ್ಲ ಅಂದೆ. ಅವರಿಗೆ ಅವಮಾನವಾಯಿತು. "ಪಕ್ಕದ್ಮನೆ ಶಿವರಾಜ್‌ಗೆ ಕೊಡ್ತೀರಿ, ಸರ್ಕಾರಿ ನೌಕರನಿಗೆ ಇಲ್ಲ ಅಂತೀರಿ. ನೀವೂ ಸರ್ವೀಸಲ್ಲಿ ಇದ್ದೋರು. ಇರ್ಲಿ, ಹಬ್ಬದ ದಿನ ನಮ್ಮನೆಯವರನ್ನೂ ಕರ್ಕೊಂಡು ಬರ್ತೀನಿ, ಆಗ ಹೇಗೆ ಇಲ್ಲ ಅಂತೀರೋ ನೋಡ್ತೀನಿ," ಎಂದು ಜೀಪು ಹತ್ತಿದರು. ದೂರಿನ ಮಾತು ಅಲ್ಲಿಗೇ ಮುಗಿಯಿತು.

ಎಲ್ಲಕ್ಕಿಂತ ಉರಿದದ್ದು ವಿಷ್ಣು ಫೋನ್ ಮಾಡಿದಾಗ. "ಭಾವ, ಅಕ್ಕ ಎಲ್ಲಾ ಹೇಳಿದ್ಲು. ನೀವು ಜೀನಿಯಸ್. ಅದನ್ನ ಮಾತ್ರ ಗಾಡಿಗೆ ಹಾಕ್ಬೇಡಿ. ನಾನೊಂದು ಪ್ಲ್ಯಾನ್ ಮಾಡಿದ್ದೀನಿ, ಹಬ್ಬದ ದಿನ ಸರ್‌ಪ್ರೈಸ್." ಮ್ಯಾಗ್ನೆಟೋ ಗಾಡಿಗೆ ಹೋಗದಿದ್ದರೆ ಗಾಡಿ ಗುಜರಿಗೆ ಹೋಗುತ್ತೆ. ಹಬ್ಬದ ಮಾರನೇ ದಿನಕ್ಕೆ ಗುಜರಿಯವನಿಗೆ ಹೇಳಿಟ್ಟವನೂ ಇವನೇ. ಒಂದೇ ಬಾಯಲ್ಲಿ ನನ್ನನ್ನು ಹೊಗಳುತ್ತಾ ನನ್ನ ಗಾಡಿಗೆ ಎಳ್ಳುನೀರು ಬಿಡುವುದು ಅವನೊಬ್ಬನಿಗೇ ಸಾಧ್ಯ.

ಆಯುಧಪೂಜೆಯ ಹಿಂದಿನ ದಿನ ಮ್ಯಾಗ್ನೆಟೋವನ್ನು ಹೊಲಿಗೆ ಮಷೀನಿನಿಂದ ಬಿಚ್ಚಿದೆ. ಸುದ್ದಿ ಹೇಗೆ ಹೋಯಿತೋ, ಅಂಗಳ ತುಂಬಿತು. ಮಂಡಿ ನೋವಿನವರು ನೆಲದ ಮೇಲೆ ಕೂತು ಧರಣಿ ಹೂಡಿದರು. ಮಂಡಿ ನೋವಿದ್ದವರು ನೆಲದ ಮೇಲೆ ಹೇಗೆ ಕೂತರು ಎಂದು ನಾನು ಕೇಳಿದ್ದಕ್ಕೆ ಇನ್ನೂ ಇಬ್ಬರು ಬಂದು ಕೂತರು. ಶಿವರಾಜ್ ಕೂಡ ಬಂದು, "ಎಡಭುಜಾನೂ ಹಿಡ್ಕೊಳ್ಳೋ ಹಾಗಿದೆ ಚಕ್ರಪಾಣಿ, ಸ್ವಲ್ಪ ಯೋಚ್ನೆ ಮಾಡಿ," ಅಂದರು.

ಸುಧಾಮಣಿ ಎದುರು ನಿಂತರು. "ನಿಮಗೆ ಗಾಡಿ ಮುಖ್ಯನಾ, ಜನರ ಕೈಕಾಲು ಮುಖ್ಯನಾ?"

"ಗಾಡಿ," ಅಂದೆ.

ಎಲ್ಲರ ಎದುರಲ್ಲೇ ಮೊಪೆಡ್ಡಿಗೆ ಕೂರಿಸಿದೆ. ಪ್ಲಗ್ ಹೊರಗಿಟ್ಟು ಪೆಡಲ್ ತುಳಿದರೆ ನೀಲಿ ಕಿಡಿ. ಎಷ್ಟು ಚೆನ್ನಾಗಿತ್ತು ಅಂದರೆ ಇನ್ನೂ ನಾಲ್ಕು ಸಲ ತುಳಿದು ನೋಡಿದೆ. ನನ್ನ ಕೈಯಿಂದ ಏನೋ ಒಂದು ಹುಟ್ಟಿತ್ತು. ಪ್ಲಗ್ ವಾಪಸ್ ಹಾಕಿದೆ. ಎಲ್ಲರಿಗೂ ಕಾಣಲಿ ಅಂತ ಮ್ಯಾಗ್ನೆಟೋದ ಮುಚ್ಚಳ ಮಾತ್ರ ಹಾಕಲಿಲ್ಲ.

ಅಲ್ಲೇ ಎಡವಟ್ಟಾಯಿತು.

ಹಬ್ಬದ ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾತ್ಯಾಯಿನಿಯೂ ಸುಧಾಮಣಿಯೂ ಪೂಜೆ ಮುಗಿಸಿದ್ದರು. ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್ ಎಲ್ಲ ದೇವರ ಮುಂದೆ ಕುಂಕುಮ ಇಟ್ಟುಕೊಂಡು ಕೂತಿದ್ದವು. ಆಯುಧಪೂಜೆಗೆ ಇಟ್ಟ ಸಲಕರಣೆಯನ್ನು ಮಾರನೇ ದಿನದವರೆಗೂ ಮುಟ್ಟಬಾರದು, ಅದು ಶಾಸ್ತ್ರ. ಅಂಗಳದಲ್ಲಿ ಮೊಪೆಡ್ಡಿಗೆ ಸೇವಂತಿಗೆ ಹಾರ, ಬಾಳೆಕಂದು, ಮುಂದೆ ಬೂದುಗುಂಬಳಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು. ಬೀದಿಯೆಲ್ಲ ಸೇರಿತ್ತು. ಸೋಮನಾಥ್ ಹೆಂಡತಿ ಸಮೇತ ಬಂದಿದ್ದರು. ವಿಷ್ಣು ಬಂದಿದ್ದ. ರೇಖಾ ಮನೆಯಲ್ಲಿ ಅತಿಥಿಗಳೆಂದು ಬಂದಿರಲಿಲ್ಲ.

ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಿದೆ. ಪೆಡಲ್ ತುಳಿದೆ. ಏನೂ ಇಲ್ಲ. ಮತ್ತೆ ತುಳಿದೆ. ಏನೂ ಇಲ್ಲ. ಬೆವರು ಕಿತ್ತುಕೊಂಡು ಬಂತು.

"ದೇವರ ಇಚ್ಛೆ ನೋಡಿ," ಅಂದರು ಸುಧಾಮಣಿ. "ಅದು ಗಾಡೀಲಿರೋ ವಸ್ತು ಅಲ್ಲ."

ನಾನು ಇಳಿದು ಬಗ್ಗಿ ನೋಡಿದೆ. ಮ್ಯಾಗ್ನೆಟೋದ ಚಕ್ರದಲ್ಲಿ ಒಂದು ಕಿಂಡಿಯಿರುತ್ತೆ, ಅದರ ಹಿಂದೆ ಪಾಯಿಂಟ್. ಆ ಕಿಂಡಿಯ ತುಂಬಾ ಗಂಧ, ಅರಿಶಿನ, ಕುಂಕುಮ. ಒಂದು ಅಕ್ಷತೆ ಕಾಳು ಎರಡು ಬಿಲ್ಲೆಗಳ ನಡುವೆ ನೆಟ್ಟಗೆ ನಿಂತಿತ್ತು.

"ಇದನ್ನ ಯಾರು ತುಂಬಿದ್ದು?"

"ನಾನೇ," ಅಂದಳು ಕಾತ್ಯಾಯಿನಿ. "ಮುಖ್ಯ ದೇವರು ಅದೇ ಅಲ್ವಾ, ಅದಕ್ಕೇ ಜಾಸ್ತಿ ಇಟ್ಟೆ."

ಸ್ಪ್ಯಾನರ್ ತರಲು ಒಳಗೆ ಹೊರಟೆ. ಬೀದಿಯೆಲ್ಲ ಒಟ್ಟಾಗಿ ಅಡ್ಡ ನಿಂತಿತು. ಪೂಜೆಗಿಟ್ಟದ್ದನ್ನು ಮುಟ್ಟುವುದೇ? "ಬಸ್ಸಿಗೂ ಪೂಜೆ ಮಾಡ್ತಾರಲ್ಲ, ನಾಳೆವರೆಗೂ ಡಿಪೋದಲ್ಲೇ ನಿಲ್ಲಿಸ್ತಾರಾ?" ಅಂತ ಕೇಳಿದೆ. ಬಸ್ಸಿನ ಮಾತು ಬೇರೆ ಅಂದರು.

"ಬಿಡಿ ಭಾವ, ಒಳ್ಳೇದೇ ಆಯ್ತು," ಎನ್ನುತ್ತಾ ವಿಷ್ಣು ಕಾರಿನಿಂದ ಒಂದು ಡಬ್ಬ ತಂದು ತೆರೆದ. ಒಳಗೆ ವಿಸಿಟಿಂಗ್ ಕಾರ್ಡುಗಳು. 'ಚಕ್ರಪಾಣಿ ಮ್ಯಾಗ್ನೆಟೋ ವೆಲ್‌ನೆಸ್ ಸೆಂಟರ್, ವ್ಯವಸ್ಥಾಪಕರು: ವಿಷ್ಣು.' ಜನ ಚಪ್ಪಾಳೆ ತಟ್ಟಿದರು. ಸೋಮನಾಥ್ ಎರಡು ಕಾರ್ಡ್ ತೆಗೆದುಕೊಂಡರು.

ನಾನೂ ಒಂದು ತೆಗೆದುಕೊಂಡೆ. ಒಳ್ಳೆ ದಪ್ಪ ಕಾಗದ. ಪಾಯಿಂಟಿನ ಸಂದು ಎಷ್ಟಿರಬೇಕೋ ಸರಿಯಾಗಿ ಅಷ್ಟೇ ದಪ್ಪ. ಕಾರ್ಡು ಆಯುಧವಲ್ಲ, ಅದಕ್ಕೆ ಯಾರೂ ಕುಂಕುಮ ಇಟ್ಟಿಲ್ಲ. ಅಲ್ಲೇ ಮಂಡಿಯೂರಿ ಕಿಂಡಿಯೊಳಗೆ ತೂರಿಸಿ ಉಜ್ಜಿದೆ. ಅಕ್ಷತೆ ಉದುರಿತು. ಕಾರ್ಡ್ ಕೆಂಪಾಯಿತು. ಇನ್ನೊಂದು ಕೊಡು ಅಂದೆ. ಅದು ಹಳದಿಯಾಯಿತು. ಇನ್ನೊಂದು. ವಿಷ್ಣು ಡಬ್ಬ ಹಿಂದಕ್ಕೆ ಎಳೆದುಕೊಂಡ, ಕಾತ್ಯಾಯಿನಿ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಮುಂದೆ ಹಿಡಿದಳು. ಕೊನೆಯ ಕಾರ್ಡ್ ಬೆಳ್ಳಗೇ ಹೊರಗೆ ಬಂತು.

ಹತ್ತಿ ಕೂತು ತುಳಿದೆ.

ಮೊದಲು ಒಂದು ಕೆಮ್ಮು. ಆಮೇಲೆ ಇನ್ನೊಂದು. ಆಮೇಲೆ ಮೊಪೆಡ್ ಬಾಯ್ತುಂಬ ಕೂಗಿಕೊಂಡು, ಅಂಗಳದ ತುಂಬ ಹೊಗೆ ಬಿಟ್ಟು, ನನ್ನನ್ನು ಹೊತ್ತು ಮುಂದಕ್ಕೆ ಹಾರಿತು. ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಅದರ ರಸ ಸೋಮನಾಥರ ಪ್ಯಾಂಟಿಗೆ ಹಾರಿತು. ಯಾರೂ ತಳ್ಳಿರಲಿಲ್ಲ. ಕಾತ್ಯಾಯಿನಿಯ ಎರಡೂ ಕೈ ಖಾಲಿಯಿದ್ದವು, ಎಲ್ಲರೂ ನೋಡಿದರು.

ಬ್ರೇಕ್ ಹಿಡಿದೆ. ಗಾಡಿ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಕೀ ತಿರುಗಿಸಿದೆ. ನಿಲ್ಲಲಿಲ್ಲ. ಮ್ಯಾಗ್ನೆಟೋ ಆಫ್ ಆಗಬೇಕಾದರೆ ಅದಕ್ಕೊಂದು ಬೇರೆ ತಂತಿ ಎಳೆಯಬೇಕು. ಅದನ್ನು ನಾನು ಡಿಸೈನ್ ಮಾಡಿರಲಿಲ್ಲ. ಸ್ಟಾರ್ಟ್ ಆಗುವುದೇ ಅನುಮಾನವಾಗಿರುವಾಗ ಆಫ್ ಮಾಡುವುದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಯಾರು?

"ಆಫ್ ಮಾಡಿ ಭಾವ," ಎಂದು ವಿಷ್ಣು ಕಿರುಚಿದ.

"ಆಗಲ್ಲ ಕಣಯ್ಯ," ಅಂದೆ. ಇಷ್ಟು ಹೆಮ್ಮೆಯಿಂದ ಆ ಮಾತನ್ನು ನಾನು ಸರ್ವೀಸಿನಲ್ಲೂ ಹೇಳಿರಲಿಲ್ಲ.

"ಪ್ಲಗ್ ಕಿತ್ತರಾಯ್ತು," ಎಂದು ಅವನು ಬಗ್ಗಿ, ನಾನು ಬೇಡ ಬೇಡ ಅನ್ನುತ್ತಿರುವಾಗಲೇ ಬರಿಗೈಯಲ್ಲಿ ತಂತಿಗೆ ಕೈ ಹಾಕಿದ. ಶಿವರಾಜ್ ಮಾಡಿದ್ದ ಅದೇ ಶಬ್ದ ಮಾಡಿದ. ಎರಡೂ ಕೈ ಆಕಾಶಕ್ಕೆ ಹೋದವು. ಡಬ್ಬ ಹಾರಿ, ವೆಲ್‌ನೆಸ್ ಸೆಂಟರ್ ಬೀದಿ ತುಂಬಾ ಚೆಲ್ಲಿತು.

"ಭುಜ ಹೇಗಿದೆ?" ಎಂದು ಶಿವರಾಜ್ ಆಸೆಯಿಂದ ಕೇಳಿದರು.

ನಾನು ಗೇಟಿನ ಕಡೆ ನೋಡಿದೆ. ಕಾತ್ಯಾಯಿನಿ ಸುಧಾಮಣಿಯ ಸ್ಕೂಟರಿನ ಮೇಲಿದ್ದ ಹೆಲ್ಮೆಟ್ ಎತ್ತಿಕೊಂಡಳು, ಕೇಳಲೂ ಇಲ್ಲ. ಮುಡಿದ ಹೂವಿನ ಮೇಲೆಯೇ ಅದನ್ನು ಒತ್ತಿ ಹಾಕಿಕೊಂಡು, ಸೀರೆ ಸರಿಮಾಡಿಕೊಂಡು, ಬಂದು ನನ್ನ ಹಿಂದೆ ಕೂತಳು.

"ನಡೀರಿ."

"ಎಲ್ಲಿಗೆ? ಪೆಟ್ರೋಲ್ ಮುಗಿಯೋವರ್ಗೂ ಇದು ನಿಲ್ಲಲ್ಲ ಕಣೆ."

"ಯಾರು ನಿಲ್ಸಿ ಅಂದ್ರು? ಜೆ.ಪಿ. ನಗರಕ್ಕೆ ತಿರುಗ್ಸಿ. ರೇಖಾ ಮನೇಲೇ ಇದ್ದಾಳೆ, ಅತಿಥಿಗಳೂ ಇದ್ದಾರೆ. ಅವರ ಗೇಟ್ ಮುಂದೆ ನಿಂತು ಚೆನ್ನಾಗಿ ಹಾರ್ನ್ ಹೊಡೀರಿ."

"ಹಾರ್ನಿಗೆ ಕಾಯಿಲ್ ಸುತ್ತಿಲ್ಲ," ಅಂದೆ.

ಕಾತ್ಯಾಯಿನಿ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡಿ, ನಾನೇ ಕೂಗ್ತೀನಿ."